ಒಂಟೆಕತ್ತು ಹತ್ತಿದ ಮಾವ

"ಈ ಗಾಡಿ ತಗೊಂಡ್ರೆ ನೀವು ಗುಡ್ಡ ಹತ್ತಲ್ಲ ಅಕ್ಕ, ಗುಡ್ಡಾನೇ ಇಳ್ಕೊಂಡು ನಿಮ್ಮ ಹತ್ರ ಬರಬೇಕು," ಎಂದ ಮೆಕ್ಯಾನಿಕ್. ಅವನ ತಲೆ, ಭುಜ, ಅರ್ಧ ಬೆನ್ನು ಎಲ್ಲ ಕಾರಿನ ಬಾನೆಟ್ಟಿನೊಳಗೆ ಹೋಗಿದ್ದವು. ಮಾತು ಮಾತ್ರ ಯಾವ ಅಡ್ಡಿಯೂ ಇಲ್ಲದೆ ಹೊರಗೆ ಬರುತ್ತಿತ್ತು.

ಕಾರು ಮಾರಲು ಬಂದಿದ್ದ ಗಡಿಯಾರ ರಿಪೇರಿಯ ಯಜಮಾನರ ಮುಖ ಸಣ್ಣದಾಯಿತು. "ಗುಡ್ಡದ ವಿಷಯ ನಂಗೊತ್ತಿಲ್ಲಮ್ಮ. ಮನೆಯಿಂದ ಗ್ರಂಥಾಲಯ, ಗ್ರಂಥಾಲಯದಿಂದ ಮನೆ, ಅಷ್ಟೇ ನಾನು ಓಡಿಸಿರೋದು. ಆದ್ರೆ ಒಂದು ದಿನಾನೂ ದಾರಿ ಮಧ್ಯೆ ಕೈ ಬಿಟ್ಟಿಲ್ಲ."

"ನಡ್ಕೊಂಡು ಹೋಗೋ ದೂರಕ್ಕೆ ಕಾರಲ್ಲಿ ಹೋದ್ರೆ ಯಾವ ಗಾಡಿ ಕೈ ಬಿಡುತ್ತೆ ಯಜಮಾನ್ರೇ?"

ಈ ಇಬ್ಬರ ಜಗಳ ಕಿವಿಗೆ ಬಿದ್ದರೂ ಟೈಲರಮ್ಮ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಈ ಊರಿಗೆ ಬಂದು ತಿಂಗಳಾಗಿರಲಿಲ್ಲ, ಆಗಲೇ ಎಲ್ಲರ ಬಾಯಲ್ಲೂ ಅವಳು ಟೈಲರಮ್ಮ. ಬಟ್ಟೆ ಕೊಳ್ಳುವವಳು ಮೊದಲು ಒಳಮೈ ನೋಡುತ್ತಾಳೆ, ಅವಳು ಕಾರನ್ನೂ ಹಾಗೆಯೇ ನೋಡುತ್ತಿದ್ದಳು. ಕಾಲಡಿಯ ಮ್ಯಾಟು ಎತ್ತಿದಳು. ಬಾಗಿಲ ಅಂಚಿನ ರಬ್ಬರು ಜಗ್ಗಿದಳು. ಹಿಂದಿನ ಸೀಟಿನ ಬಟ್ಟೆ ಒಂದು ಕಡೆ ಹರಿದು ಹೊಲಿಗೆ ಬಿದ್ದಿತ್ತು. ಬೆರಳಿಟ್ಟು ಸವರಿದಳು. ಎಳ್ಳು ಸಾಲಿಟ್ಟಂಥ ಸಣ್ಣ ಸಣ್ಣ ಹೊಲಿಗೆ, ಒಂದೇ ಅಳತೆ.

"ಇದು ಯಾರು ಹಾಕಿದ್ದು?"

"ನಾನೇಮ್ಮ. ಗಡಿಯಾರ ಬಿಚ್ಚೋ ಕೈ ನೋಡಿ, ಸುಮ್ನೆ ಕೂರಲ್ಲ."

ಸೀಟಿಗೇ ಇಷ್ಟು ಜೋಪಾನ ಮಾಡುವ ಮನುಷ್ಯ ಎಂಜಿನ್ನಿಗೆ ಎಣ್ಣೆ ಹಾಕದೆ ಸಾಯಿಸಿರಲಾರ ಎಂದು ಅವಳ ಮನಸ್ಸು ಅಲ್ಲೇ ತೀರ್ಮಾನ ಮಾಡಿಬಿಟ್ಟಿತು. ಬೆಲೆಯೂ ಕೈಗೆ ನಿಲುಕುವಂತಿತ್ತು. "ತಗೊಳ್ತೀನಿ," ಎಂದಳು.

ಮೆಕ್ಯಾನಿಕ್ ಬಾನೆಟ್ಟಿನಿಂದ ತಲೆ ಹೊರಗೆ ತೆಗೆದ. "ಎಂಜಿನ್ ಗಟ್ಟಿ ಇದೆ, ಇಲ್ಲ ಅನ್ನಲ್ಲ. ಆದ್ರೆ ಚಿಕ್ಕದು. ಮೇಲಾಗಿ ಇದು ಮುಂದಿನ ಚಕ್ರದಲ್ಲಿ ಎಳೆಯೋ ಗಾಡಿ. ಒಂಟೆಕತ್ತು ಅಂದ್ರೆ ಏನಂತ ಈ ಊರವರನ್ನ ಕೇಳಿ. ಆಮೇಲೆ ನನ್ನ ಬಯ್ಯಬೇಡಿ."

"ಬಯ್ಯೋ ಕೆಲಸ ನಮ್ಮತ್ತೇದು. ಅದನ್ನ ನಾನ್ಯಾಕೆ ಕಿತ್ಕೊಳ್ಳಲಿ?" ಎಂದು ಅವಳು ಬೀಗದ ಕೈ ತೆಗೆದುಕೊಂಡಳು.

ಒಂಟೆಕತ್ತು ಎಂದರೆ ಊರಿನ ಹಿಂದಿನ ಗುಡ್ಡಕ್ಕೆ ಹೋಗುವ ರಸ್ತೆಯ ಏರು. ಹೆಸರೇ ಹೇಳುವಂತೆ, ನೆಟ್ಟಗೆ ಮೇಲೆದ್ದು ಕೊನೆಯಲ್ಲಿ ಒಂದು ಬಾಗು. ಆ ಬಾಗಿನ ಮೇಲೆ ಒಂದು ಒರತೆಯ ನೀರು ಸದಾ ಹರಿಯುತ್ತದೆ. ಮರಗಳ ನೆರಳಿಗೆ ಅಲ್ಲಿ ಪಾಚಿ ಕಟ್ಟಿ ರಸ್ತೆ ಎಂದೂ ಪೂರ್ತಿ ಒಣಗುವುದಿಲ್ಲ. ಏರಿನ ತುದಿಯಲ್ಲಿ ಆಸ್ಪತ್ರೆ. ಆಸ್ಪತ್ರೆಯ ಗಾಡಿಗಳಿಗೇನು, ನಾಲ್ಕು ಚಕ್ರವೂ ಎಳೆಯುತ್ತವೆ, ಗುಡುಗುಡು ಎಂದು ಹತ್ತಿಬಿಡುತ್ತವೆ. ಉಳಿದವರ ಪಾಡು ಉಳಿದವರದು.

ಟೈಲರಮ್ಮನಿಗೆ ಮಾತ್ರ ಆ ಏರು ಹತ್ತದೆ ಗತ್ಯಂತರವಿರಲಿಲ್ಲ. ಹಳೆಯ ಊರಿನಲ್ಲಿ ತೀರಿಹೋದ ಮಾವನ ಕಾಲದಿಂದ ನಡೆದು ಬಂದ ಹೊಲಿಗೆ ಅಂಗಡಿಯನ್ನು ರಸ್ತೆ ಅಗಲ ಮಾಡುವವರು ನೆಲಸಮ ಮಾಡಿದ ಮೇಲೆ, ಈ ಆಸ್ಪತ್ರೆಗೆ ಹಾಸಿಗೆ ಬಟ್ಟೆ, ಪರದೆ, ರೋಗಿಗಳ ಅಂಗಿ ಹೊಲಿದುಕೊಡುವ ಕೆಲಸವನ್ನು ಹುಡುಕಿ ಹಿಡಿದವಳು ಅವಳೇ. ಅವಳನ್ನು ನಂಬಿ ಗಂಡ ಅಲ್ಲಿಯ ಕೆಲಸ ಬಿಟ್ಟು ಇಲ್ಲಿಯ ಹಾರ್ಡ್‌ವೇರ್ ಅಂಗಡಿಗೆ ಸೇರಿದ್ದ. ಒಳ್ಳೆಯ ಮನುಷ್ಯ, ಆದರೆ ಬಲ್ಬು ಬದಲಾಯಿಸಲು ಸ್ಟೂಲು ಹತ್ತಿದರೂ ತಲೆ ಸುತ್ತುವ ಆಸಾಮಿ, ಸ್ಟಿಯರಿಂಗ್ ಮುಟ್ಟುವ ಮಾತೇ ಇಲ್ಲ. ಅತ್ತೆಯೂ ಗಂಟುಮೂಟೆ ಕಟ್ಟಿದ್ದರು. "ಗಂಡನ ಮಾತು ನಂಬಿ ಒಂದ್ಸಲ ಊರು ಬಿಟ್ಟಿದ್ದೆ. ಸೊಸೆ ಮಾತು ನಂಬಿ ಇದು ಎರಡನೇ ಸಲ. ಮೂರನೇ ಸಲ ಬಿಡಿಸ್ಬೇಡಮ್ಮ, ಮಂಡಿ ಕೇಳಲ್ಲ," ಎಂದಿದ್ದರು.

ಆಸ್ಪತ್ರೆಯ ದೊಡ್ಡ ಸಿಸ್ಟರ್ ಮಾತಂತೂ ಕತ್ತರಿಯಲ್ಲಿ ಕತ್ತರಿಸಿದ ಹಾಗೆ. "ಹೊಸ ವಾರ್ಡು ಸೋಮವಾರ ಬೆಳಗ್ಗೆ ತೆರೀತೀವಿ. ರೋಗಿಗಳು ಬರೋ ಮುಂಚೆ ಎಲ್ಲಾ ಮಂಚಕ್ಕೂ ಬಟ್ಟೆ ಬಂದಿರಬೇಕು. ಬಾಡಿಗೆ ಗಾಡಿ ಬರ್ಲಿಲ್ಲ, ಡ್ರೈವರ್ ಕೈಕೊಟ್ಟ ಅನ್ನೋ ಕಥೆ ಬೇಡ. ನಿಮಗಿಂತ ಮುಂಚಿನವರು ಅದನ್ನೇ ಹೇಳಿ ಹೋದ್ರು. ಸ್ವಂತ ಗಾಡೀಲಿ ತಂದ್ರೆ ಕೆಲಸ ನಿಮ್ಮದು. ಇಲ್ಲಾಂದ್ರೆ ಹೊರಗಿನ ಕಂಪನಿಯವರು ಬಾಗಿಲಲ್ಲೇ ನಿಂತಿದ್ದಾರೆ."

ಹೀಗೆ ಆ ಹಸಿರು ಬಣ್ಣದ ಕಾರು ಮನೆಗೆ ಬಂತು.

ಮರುದಿನ ಬೆಳಗ್ಗೆ ಕೀಲಿ ತಿರುಗಿಸಿದಾಗ ಅದು ಏಳಲಿಲ್ಲ, ಕೆಮ್ಮಿತು. ಕೊಕ್, ಕೊಕ್, ಕೊಕ್ ಎಂದು ಕೆಮ್ಮಿ, ಒಂದು ಗಳಿಗೆ ಸುಮ್ಮನಿದ್ದು, ಉದ್ದವಾಗಿ ಗಂಟಲು ಸರಿಮಾಡಿಕೊಂಡು ಆಮೇಲೆ ಹೊತ್ತಿಕೊಂಡಿತು. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆಯ ಮುಖ ಕಾಣಿಸಿತು. ಕೈಯಲ್ಲಿ ಸೌಟು, ಕಣ್ಣು ಇಷ್ಟಗಲ.

"ಅಯ್ಯೋ, ಇದು ನಿಮ್ಮ ಮಾವನ ಕೆಮ್ಮು ಕಣೇ! ಅವರೂ ಹೀಗೇ. ಕೆಮ್ಮೋದು, ಸ್ವಲ್ಪ ಸುಮ್ನಿರೋದು, ಎಲ್ಲರ ನಿದ್ದೆ ಕೆಟ್ಟಿದೆ ಅಂತ ಖಾತ್ರಿ ಆದ್ಮೇಲೆ ಎದ್ದು ಕೂರೋದು!"

ಅಂದಿನಿಂದ ಕಾರಿಗೆ ಮಾವ ಎಂದೇ ಹೆಸರಾಯಿತು. "ಮಾವ ಎದ್ರಾ?" "ಮಾವನಿಗೆ ನೀರು ಹಾಕಿದ್ಯಾ?" "ಮಾವ ಬಾಗಿಲಿಗೆ ಅಡ್ಡ ನಿಂತಿದ್ದಾರೆ, ಸ್ವಲ್ಪ ಆ ಕಡೆ ಸರಿಸು." ಪಕ್ಕದ ಮನೆಯಾಕೆ ಮೊದಲ ವಾರ ಇವರ ಮಾತು ಕೇಳಿ ಯಾರೋ ಹಾಸಿಗೆ ಹಿಡಿದ ಮುದುಕರಿದ್ದಾರೆಂದು ತಿಳಿದು, ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದಳು.

ಅತ್ತೆ ಕಾರು ಹತ್ತುವುದೆಂದರೆ ಹಿಂದಿನ ಸೀಟಿಗೇ. "ಮುಂದೆ ಕೂತ್ರೆ ಏನು ಬಂದು ಗುದ್ದಿದ್ರೂ ಮೊದಲು ನಂಗೇ," ಎನ್ನುವುದು ಅವರ ಸಿದ್ಧಾಂತ. ಹಿಂದೆ ನಡುಮಧ್ಯೆ ಕುಳಿತು, ಎರಡು ಸೀಟಿನ ಸಂದಿಯಿಂದ ರಸ್ತೆ ನೋಡುತ್ತ, ಎದುರಿಗೆ ಏನಾದರೂ ಬಂದರೆ ಬಲಗಾಲಿನಿಂದ ಮ್ಯಾಟನ್ನು ಒತ್ತುತ್ತಿದ್ದರು, ಅಲ್ಲೊಂದು ಬ್ರೇಕು ಇರುವವರ ಹಾಗೆ. ಕಾರು ನಿಂತಾಗಲೆಲ್ಲ ಅದನ್ನು ನಿಲ್ಲಿಸಿದ್ದು ತಾವೇ ಎಂಬ ಸಮಾಧಾನ ಅವರ ಮುಖದಲ್ಲಿರುತ್ತಿತ್ತು.

ಒಂದು ಬಿಸಿಲಿನ ದಿನ ಟೈಲರಮ್ಮ ಒಬ್ಬಳೇ ಖಾಲಿ ಕಾರಿನಲ್ಲಿ ಒಂಟೆಕತ್ತು ಹತ್ತಿ ನೋಡಿದಳು. ಏದುಸಿರು ಬಿಟ್ಟುಕೊಂಡೇ ಆದರೂ ಕಾರು ಹತ್ತಿತು. ಮನೆಗೆ ಹೋಗುವ ಮುಂಚೆ ಬೇಕೆಂದೇ ಮೆಕ್ಯಾನಿಕ್ಕಿನ ಶೆಡ್ಡಿನ ಮುಂದೆ ನಿಲ್ಲಿಸಿದಳು.

"ಹತ್ತಿತು."

"ಖಾಲಿ ಹತ್ತೋದು ಬೇರೆ ಅಕ್ಕ, ಹೊತ್ತು ಹತ್ತೋದು ಬೇರೆ," ಎಂದ ಅವನು. "ನಾನೂ ಮದುವೆಗೆ ಮುಂಚೆ ಸರಸರ ಹತ್ತುತ್ತಿದ್ದೆ."

ಅವಳು ನಕ್ಕು ಬಂದಳು. ಮುಂದಿನ ದಿನಗಳಲ್ಲಿ ತಲೆ ಎತ್ತಲು ಪುರುಸೊತ್ತಿರಲಿಲ್ಲ. ಮುಂದಿನ ಕೋಣೆಯ ತುಂಬ ಬಿಳಿ ಬಟ್ಟೆ. ಕಾಲಲ್ಲಿ ತುಳಿಯುವ ಹಳೆಯ ಮಿಷನ್ನಿನಲ್ಲಿ ಅವಳು ಹೊಲಿಯುವುದು, ಅತ್ತೆ ದಾರದ ತುದಿ ಕತ್ತರಿಸುವುದು, ಸಂಜೆ ಗಂಡ ಬಂದು ಇಸ್ತ್ರಿ ಹಾಕುವುದು. ಭಾನುವಾರ ಸಂಜೆಗೆ ಕೊನೆಯ ಅಂಚು ಮುಗಿಯಿತು. ರಾತ್ರಿ ಮಳೆ ಹೊಯ್ಯಿತು.

ಸೋಮವಾರ ಬೆಳಗ್ಗೆ ಮಳೆ ನಿಂತಿತ್ತು, ಆಕಾಶ ತೊಳೆದಿಟ್ಟ ಹಾಗಿತ್ತು. ಮಾವ ಎಂದಿನಂತೆ ಕೆಮ್ಮಿ ಎದ್ದ. ಬಟ್ಟೆಯ ಗಂಟುಗಳನ್ನೆಲ್ಲ ಡಿಕ್ಕಿಯಲ್ಲಿ ಒತ್ತೊತ್ತಿ ತುಂಬಿದರು. ಮುಂದಿನ ಸೀಟಿನ ಮೇಲೆ ಒಂದು ತುಂಡೂ ಇಡಲಿಲ್ಲ. ಕಿಟಕಿಯ ಧೂಳು ಬಿದ್ದರೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯ ಗತಿ ಏನು? ಹೊಲಿಗೆಯವರ ಮನೆಯ ಬುದ್ಧಿ ಅದು, ಬಟ್ಟೆಯನ್ನು ಮೊದಲು ಮುಚ್ಚಿಡಬೇಕು, ಮಿಕ್ಕಿದ್ದು ಆಮೇಲೆ. ಅತ್ತೆಯೂ ತಮ್ಮ ಜಾಗದಲ್ಲಿ ಸ್ಥಾಪಿತರಾದರು. ಕಾರಿನ ಹಿಂಭಾಗ ಕುಸಿದು, ಮೂತಿ ಆಕಾಶ ನೋಡಿತು. ಗಂಡ ಅದನ್ನು ನೋಡಿ "ಹುಷಾರು" ಎಂದ. ಅವನು ಎಲ್ಲದಕ್ಕೂ ಹುಷಾರು ಎನ್ನುವವನಾದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಅಂಗಡಿಗೆ ಹೊರಟ, ಇವರು ಗುಡ್ಡಕ್ಕೆ.

ಏರಿನ ಬುಡದಲ್ಲಿ ಒಂದು ಚಹಾದಂಗಡಿ, ಅದರ ಬೆಂಚಿನ ಮೇಲೆ ಕೆಲಸವಿಲ್ಲದ ಒಂದಿಬ್ಬರು. ಅವರ ಮುಂದೆ ಕಾರು ಗತ್ತಿನಿಂದಲೇ ಹಾದುಹೋಯಿತು. ಬಾಗಿನವರೆಗೂ ಏನೂ ತೊಂದರೆಯಿಲ್ಲ. ಬಾಗಿಗೆ ಬಂದದ್ದೇ ತಡ, ಮುಂದಿನ ಚಕ್ರಗಳು ನಿಂತಲ್ಲೇ ಗಿರ್‍ರೆಂದು ತಿರುಗಿದವು. ಎಂಜಿನ್ ಕೂಗಿತು, ರಬ್ಬರು ಸುಟ್ಟ ವಾಸನೆ ಬಂತು, ಕಾರು ಮಾತ್ರ ಗೇಣುದ್ದವೂ ಕದಲಲಿಲ್ಲ. ಅವಳು ಇನ್ನಷ್ಟು ಒತ್ತಿದಳು. ಕಾರು ಮೆಲ್ಲಗೆ ಹಿಂದಕ್ಕೇ ಜಾರತೊಡಗಿತು. ಬ್ರೇಕು ಹಾಕಿದಳು. ಹಿಂದಿನ ಸೀಟಿನಲ್ಲಿ ಅತ್ತೆಯೂ ಹಾಕಿದರು.

"ಕೆಟ್ಟೋಯ್ತಾ?"

"ಕೆಟ್ಟಿಲ್ಲ ಅತ್ತೆ. ಜಾರ್ತಿದೆ."

ಅತ್ತೆ ಆಗಲೇ ಫೋನು ಕಿವಿಗಿಟ್ಟಾಗಿತ್ತು. "ಮಗಾ, ನಿನ್ನ ಹೆಂಡ್ತಿ ಗುಡ್ಡದಲ್ಲಿ ಸಿಕ್ಕಾಕ್ಕೊಂಡಿದ್ದಾಳೆ. ನಾನೂ ಜೊತೆಗಿದ್ದೀನಿ, ಆದ್ರೆ ನಾನು ಚೆನ್ನಾಗಿದ್ದೀನಿ. ಆ ಮೆಕ್ಯಾನಿಕ್‌ಗೆ ಹೇಳಿ ಹಗ್ಗ ಕಳಿಸು."

"ಯಾಕತ್ತೆ ಅವರಿಗೆಲ್ಲ ಹೇಳಿದ್ರಿ?"

"ಗುಡ್ಡದ ಮೇಲೆ ಕೂತು ಗುಟ್ಟು ಮಾಡೋಕಾಗುತ್ತಾ?"

ಹಗ್ಗ ಬರುವ ಹೊತ್ತಿಗೆ ವಾರ್ಡು ತೆರೆದಿರುತ್ತದೆ. ದೊಡ್ಡ ಸಿಸ್ಟರ್ ಬರಿಯ ಮಂಚಗಳ ನಡುವೆ ನಿಂತು ಹೊರಗಿನ ಕಂಪನಿಗೆ ಫೋನು ಮಾಡುವುದು ಟೈಲರಮ್ಮನ ಕಣ್ಣಿಗೆ ಕಟ್ಟಿತು. ಅಲ್ಲಿ ಕಾರು ತಿರುಗಿಸುವಷ್ಟು ಜಾಗವಿರಲಿಲ್ಲ. ಒಂದು ಕಡೆ ಬಂಡೆ, ಇನ್ನೊಂದು ಕಡೆ ಇಳಿಜಾರು. ಅವಳು ಗಿಯರು ಹಾಕಿ, ಕತ್ತು ಹಿಂದಕ್ಕೆ ತಿರುಗಿಸಿ, ಬಂದ ದಾರಿಯಲ್ಲೇ ಹಿಮ್ಮುಖವಾಗಿ ಇಳಿಯಲಾರಂಭಿಸಿದಳು.

ಹಿಮ್ಮುಖ ಓಡಿಸುವುದು ಅವಳಿಗೆ ನೀರು ಕುಡಿದಷ್ಟು ಸಲೀಸು. ಹಳೆಯ ಅಂಗಡಿ ಇದ್ದದ್ದು ಒಂದು ಮುಚ್ಚಿದ ಗಲ್ಲಿಯ ಕೊನೆಯಲ್ಲಿ. ಎರಡೂ ಕಡೆ ಮನೆಗಳ ಮೆಟ್ಟಿಲು, ಹೂಕುಂಡ, ಯಾವ ಸದ್ದಿಗೂ ಏಳದ ಒಂದು ನಾಯಿ. ಮಾವ ತಮ್ಮ ಕಾಲದಲ್ಲಿ ಬಟ್ಟೆ ಸಾಗಿಸಲು ಇಟ್ಟುಕೊಂಡಿದ್ದ ವ್ಯಾನನ್ನು ಆ ಗಲ್ಲಿಯಲ್ಲಿ ತಿರುಗಿಸುವಂತಿರಲಿಲ್ಲ. ದಿನವೂ ಉದ್ದಕ್ಕೂ ಹಿಂದು ಹಿಂದಾಗಿಯೇ ಒಳಗೆ ತರಬೇಕು. ಸೊಸೆಗೆ ಅದನ್ನು ಕಲಿಸಿದವರು ಮಾವನೇ. "ಆ ಮನೆ ಸೊಸೆಯ ಮುಖ ನಾವು ನೋಡೇ ಇಲ್ಲ, ಬರೀ ಜಡೆ ನೋಡಿದ್ದೀವಿ," ಎಂದು ಗಲ್ಲಿಯ ಹೆಂಗಸರು ನಗುತ್ತಿದ್ದರು.

ಕಾರು ದಾರ ಹಿಡಿದಂತೆ ನೆಟ್ಟಗೆ ಇಳಿದು ಚಹಾದಂಗಡಿಯ ಮುಂದೆ ನಿಂತಿತು. ಬೆಂಚಿನವನೊಬ್ಬ ಲೋಟ ಕೆಳಗಿಟ್ಟ. "ಅಬ್ಬಾ! ಮುಂದಕ್ಕಿಂತ ಹಿಂದಕ್ಕೇ ಚೆನ್ನಾಗಿ ಓಡುತ್ತಲ್ಲಮ್ಮ ನಿಮ್ಮ ಗಾಡಿ. ಹಾಗೇ ಹತ್ತಿಸಬಾರದಾ?" ಎಂದು ಪಕ್ಕದವನಿಗೆ ಕಣ್ಣು ಹೊಡೆದ. ಇಬ್ಬರೂ ನಕ್ಕರು.

ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ನೀನು ಕೂತಲ್ಲಿಂದ ಹಿಂದಕ್ಕೂ ಹೋಗಿಲ್ಲ, ಮುಂದಕ್ಕೂ ಹೋಗಿಲ್ಲವಲ್ಲಪ್ಪ. ಚಹಾ ಕುಡಿ, ಆರುತ್ತೆ."

ಟೈಲರಮ್ಮ ಸ್ಟಿಯರಿಂಗ್ ಮೇಲೆ ಎರಡೂ ಕೈ ಇಟ್ಟು ಏರಿನ ಕಡೆಗೇ ನೋಡುತ್ತಿದ್ದಳು. ಬಾಗಿನಲ್ಲಿ ಚಕ್ರ ತಿರುಗಿದ್ದು, ಗಾಡಿ ಕದಲದಿದ್ದದ್ದು ಎಲ್ಲೋ ಕಂಡದ್ದೇ ಅನ್ನಿಸುತ್ತಿತ್ತು. ಎಲ್ಲಿ? ಮಿಷನ್ನಿನಲ್ಲಿ! ಬಟ್ಟೆಯನ್ನು ಮುಂದೆ ತಳ್ಳುವ ಹಲ್ಲು ಕೆಳಗೆ ಎಷ್ಟೇ ಆಡಲಿ, ಮೇಲಿನಿಂದ ಬಟ್ಟೆಯನ್ನು ಒತ್ತಿ ಹಿಡಿಯುವ ಕಾಲು ಎತ್ತಿದ್ದರೆ ಬಟ್ಟೆ ಇದ್ದಲ್ಲೇ ಇರುತ್ತದೆ. ಕಲಿಯುವ ಹುಡುಗಿಯರು ಮಾಡುವ ಮೊದಲ ತಪ್ಪೇ ಅದು. ಅವಳು ಇವತ್ತು ಮಾಡಿದ್ದೂ ಅದೇ. ಎಳೆಯುವ ಚಕ್ರ ಮುಂದೆ, ಭಾರವೆಲ್ಲ ಹಿಂದೆ. ಡಿಕ್ಕಿಯ ಗಂಟು, ಅತ್ತೆ, ಮೇಲಾಗಿ ಏರು, ಎಲ್ಲವೂ ಸೇರಿ ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹಿಡಿದಂತಾಗಿತ್ತು. ಒತ್ತುವ ಕಾಲು ಎತ್ತಿಟ್ಟುಕೊಂಡು ಹೊಲಿಯಲು ಹೊರಟಿದ್ದಳು!

ಹಾಗಾದರೆ ಗಾಡಿಯನ್ನೇ ತಿರುಗಿಸಿದರೆ? ಬೆನ್ನು ಮೇಲೆ, ಮೂತಿ ಕೆಳಗೆ. ಆಗ ಏರೇ ಭಾರವನ್ನೆಲ್ಲ ಎಳೆಯುವ ಚಕ್ರದ ಮೇಲೆ ತಂದು ಒತ್ತುತ್ತದೆ. ಬೆಂಚಿನವನು ತಮಾಷೆಗೆ ಹೇಳಿದ್ದ, ಪಾಪ, ತಾನು ಏನು ಹೇಳಿದೆ ಅಂತ ಅವನಿಗೇ ಗೊತ್ತಿಲ್ಲ.

"ಅತ್ತೆ, ಇಳೀರಿ. ಗಂಟುಗಳನ್ನ ಮುಂದೆ ಹಾಕೋಣ."

"ಧೂಳು?"

"ಮಳೆ ಬಿದ್ದು ಧೂಳೆಲ್ಲ ಸತ್ತಿದೆ. ನೀವೂ ಮುಂದೆ ಬನ್ನಿ."

"ನಾನು ಮುಂದೆ ಕೂರಲ್ಲ ಅಂತ ಗೊತ್ತಿಲ್ವಾ ನಿಂಗೆ?"

"ನಾವು ಹೋಗೋದು ಹಿಂದು ಹಿಂದಕ್ಕೆ ಅತ್ತೆ. ಆಗ ಮುಂದಿನ ಸೀಟೇ ಎಲ್ಲಕ್ಕಿಂತ ಹಿಂದೆ ಇರುತ್ತೆ. ಏನು ಬಂದು ಗುದ್ದಿದ್ರೂ ಮೊದಲು ಡಿಕ್ಕಿಗೆ."

ಅತ್ತೆ ಸ್ವಲ್ಪ ಯೋಚಿಸಿದರು. ವಾದದಲ್ಲಿ ಎಲ್ಲೂ ಹೊಲಿಗೆ ಬಿಟ್ಟಿರಲಿಲ್ಲ. ಸೆರಗು ಸಿಕ್ಕಿಸಿ ಮುಂದೆ ಬಂದು ಕುಳಿತರು. ಅವರ ಕಾಲ ಬಳಿ ಒಂದು ಗಂಟು, ಮಡಿಲಲ್ಲೊಂದು ಗಂಟು, ಅದರ ಮೇಲೆ ಇನ್ನೊಂದು. ಗಂಟುಗಳ ಮೇಲೆ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು.

ಅಂಗಡಿಯ ಮುಂದೆ ಕಾರು ತಿರುಗಿತು. ಬೆನ್ನು ಗುಡ್ಡಕ್ಕೆ, ಮೂತಿ ಊರಿಗೆ. ಟೈಲರಮ್ಮ ಸೊಂಟ ತಿರುಗಿಸಿ, ಎಡಗೈಯನ್ನು ಅತ್ತೆಯ ಸೀಟಿನ ಬೆನ್ನಿಗೆ ಊರಿ, ಹಿಂದಿನ ಗಾಜಿನಲ್ಲಿ ರಸ್ತೆಯನ್ನು ಹಿಡಿದಳು. ಹೊರಟಳು.

ಬೆಂಚಿನವರು ಎದ್ದು ರಸ್ತೆಗೇ ಬಂದರು. ಚಹಾದಂಗಡಿಯವನು ಹಾಲಿನ ಪಾತ್ರೆ ಮರೆತು ಹೊರಗೆ ಬಂದ, ಅದು ಉಕ್ಕಿ ಒಲೆ ಆರಿತು. ಯಾರೂ ತಿರುಗಿ ನೋಡಲಿಲ್ಲ.

ಏರು ಹೆಚ್ಚಾದಂತೆ ಎಂಜಿನ್ನಿನ ದನಿ ದಪ್ಪವಾಯಿತು. ಅವಳು ಕಾಲನ್ನು ಜೋರಾಗಿ ಒತ್ತಲಿಲ್ಲ, ಸಡಿಲಿಸಲೂ ಇಲ್ಲ. ಉದ್ದನೆಯ ಅಂಚು ಹೊಲಿಯುವಾಗ ಮಿಷನ್ ತುಳಿಯುತ್ತಾರಲ್ಲ, ಆ ಒಂದೇ ಸಮನೆಯ ತುಳಿತ.

"ಊರು ಸಣ್ಣದಾಗ್ತಿದೆ ಕಣೇ!" ಎಂದರು ಅತ್ತೆ. ಅವರಿಗೆ ಎದುರಿನ ಗಾಜಿನಲ್ಲಿ ಕಾಣುತ್ತಿದ್ದುದು ಬರುವ ರಸ್ತೆಯಲ್ಲ, ಬಿಟ್ಟ ರಸ್ತೆ. "ಅಂಗಡಿ ಕಂಡಿತು... ಆ ಸೋಮಾರಿಗಳು ಕಂಡ್ರು... ಬಾಯಿ ಬಿಟ್ಕೊಂಡು ನಿಂತಿದ್ದಾರೆ... ಈಗ ನಮ್ಮ ಬೀದಿಯ ನೀರಿನ ಟ್ಯಾಂಕೂ ಕಾಣುತ್ತೆ!"

"ಬಾಗು ಬಂತು ಅತ್ತೆ, ಗಂಟು ಗಟ್ಟಿಯಾಗಿ ಹಿಡ್ಕೊಳ್ಳಿ."

ಒರತೆಯ ನೀರು ರಸ್ತೆಯ ಮೇಲೆ ಹೊಳೆಯುತ್ತಿತ್ತು. ಹಿಂದಿನ ಚಕ್ರ ದಾಟಿತು. ಮುಂದಿನ ಚಕ್ರ ಪಾಚಿ ಮುಟ್ಟಿದ್ದೇ ಒಂದು ಸಲ ಗಿರ್‍ರೆಂದಿತು. ಅವಳ ಎದೆಯೂ ಅಂದಿತು. ಕಾಲು ಮಾತ್ರ ಅಲುಗಲಿಲ್ಲ. ಮರುಗಳಿಗೆ ಚಕ್ರ ನೆಲವನ್ನು ಕಚ್ಚಿತು. ಹಲ್ಲಿಗೆ ಬಟ್ಟೆ ಸಿಕ್ಕ ಹಾಗೆ, ಕಚ್ಚಿ ಹಿಡಿದು ತಳ್ಳಿತು. ಬಾಗು ಕಳೆಯಿತು. ಮರಗಳ ನೆರಳು ಹಿಂದೆ ಸರಿದು ಕಾರಿನೊಳಗೆ ದಿಢೀರನೆ ಬಿಸಿಲು ಸುರಿಯಿತು.

"ಭೇಷ್ ಮಾವ!" ಎಂದು ಕೂಗಿದಳು ಟೈಲರಮ್ಮ. ಬದುಕಿದ್ದಾಗ ಮಾವನನ್ನು ಹಾಗೆ ಕರೆಯುವ ಧೈರ್ಯ ಅವಳಿಗೆ ಎಂದೂ ಆಗಿರಲಿಲ್ಲ.

"ಅವರನ್ನ ಹೊಗಳಿದ್ರೆ ಆಗಲ್ಲ ಕಣೇ, ನಿಂತುಬಿಡ್ತಾರೆ," ಎಂದರು ಅತ್ತೆ ಗಂಟಿನ ಮರೆಯಿಂದ. "ಸುಮ್ನೆ ಓಡಿಸು."

ಆಸ್ಪತ್ರೆಯ ಗೇಟಿನ ಕಾವಲುಗಾರ ಕಾರು ಬಂತೆಂದು ಸೆಲ್ಯೂಟ್ ಹೊಡೆದ. ಹೊಡೆದ ಮೇಲೆ ನೋಡಿದರೆ ಎದುರಿಗಿದ್ದದ್ದು ಡಿಕ್ಕಿ. ಗಾಡಿ ಹಾದುಹೋದ ಮೇಲೆ ಮುಖದ ಕಡೆಗೆ ಇನ್ನೊಂದು ಸೆಲ್ಯೂಟ್ ಹೊಡೆದು ಲೆಕ್ಕ ಸರಿಮಾಡಿಕೊಂಡ.

ಹೊಸ ವಾರ್ಡಿನಲ್ಲಿ ಬಣ್ಣದ ವಾಸನೆ ಇನ್ನೂ ಆರಿರಲಿಲ್ಲ. ಸಾಲು ಮಂಚಗಳ ಮೇಲೆ ಬರಿಯ ಹಾಸಿಗೆಗಳು. ದೊಡ್ಡ ಸಿಸ್ಟರ್ ಬಾಗಿಲಲ್ಲೇ ನಿಂತಿದ್ದರು. ಒಂದು ಗಂಟು ಬಿಚ್ಚಿ, ಒಂದು ಬಟ್ಟೆ ತೆಗೆದು, ಅಂಚನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಜಗ್ಗಿದರು. ಹೊಲಿಗೆ ಜಪ್ಪಯ್ಯ ಅನ್ನಲಿಲ್ಲ. ನರ್ಸುಗಳು ಆಗಲೇ ಎಳೆದುಕೊಂಡು ಹೋಗಿ ಹಾಸತೊಡಗಿದ್ದರು. ಬಟ್ಟೆ ಗಾಳಿಯಲ್ಲಿ ಉಬ್ಬಿ, ಮಂಚದ ಮೇಲೆ ಮೆಲ್ಲಗೆ ಇಳಿಯುತ್ತಿತ್ತು. ನೋಡನೋಡುತ್ತಿದ್ದಂತೆ ಇಡೀ ಕೋಣೆ ಬೆಳ್ಳಗಾಯಿತು. ಟೈಲರಮ್ಮ ಕಣ್ತುಂಬ ನೋಡಿದಳು. ಅಷ್ಟೂ ಅವಳ ಮನೆಯ ಮುಂದಿನ ಕೋಣೆಯಿಂದ ಬಂದದ್ದು.

"ನನ್ನ ಕಿಟಕಿಯಿಂದ ಒಂಟೆಕತ್ತು ಕಾಣುತ್ತೆ," ಎಂದರು ದೊಡ್ಡ ಸಿಸ್ಟರ್, ಮುಖದಲ್ಲಿ ನಗುವಿನ ಸುಳಿವಿಲ್ಲದೆ. "ಮೊದಲು ಬಂದ್ರಿ, ವಾಪಸ್ ಹೋದ್ರಿ. ಫೋನು ಕೈಗೆತ್ಕೊಂಡೆ. ಆಮೇಲೆ ನೋಡಿದ್ರೆ ಯಾವುದೋ ಕಾರು ಬೆನ್ನು ತೋರಿಸ್ಕೊಂಡು ಬರ್ತಿದೆ. ಫೋನು ಇಟ್ಬಿಟ್ಟೆ."

"ಹಾಗಾದ್ರೆ ಕೆಲಸ...?"

"ಹಳೇ ವಾರ್ಡಿನ ಪರದೆ ಎಲ್ಲಾ ಬಿಚ್ಚಿಸಿಟ್ಟಿದ್ದೀನಿ. ಇವತ್ತೇ ಒಯ್ಯಿರಿ. ಮುಂದಿನ ಸೋಮವಾರ ಬರಬೇಕು. ಮುಖಾನಾದ್ರೂ ತೋರಿಸಿ, ಬೆನ್ನಾದ್ರೂ ತೋರಿಸಿ, ನಂಗೆ ಎರಡೂ ಒಂದೇ."

ಹೊರಗೆ ಬಂದಾಗ ಅತ್ತೆ ಯಾರೂ ಹೇಳದೆಯೇ ಮುಂದಿನ ಬಾಗಿಲು ತೆಗೆದು ಕುಳಿತುಬಿಟ್ಟಿದ್ದರು. ಟೈಲರಮ್ಮ ಹುಬ್ಬೇರಿಸಿದಳು. "ಅತ್ತೆ, ಈಗ ಮೂತಿ ಮುಂದು ಮಾಡ್ಕೊಂಡೇ ಇಳಿಯೋದು. ಇದು ಮುಂದಿನ ಸೀಟು."

"ಗೊತ್ತು ಬಿಡೇ. ಊರು ಸಣ್ಣದಾಗೋದು ನೋಡಾಯ್ತು, ದೊಡ್ಡದಾಗೋದೂ ನೋಡ್ಬೇಕಲ್ಲ."

ಹಳೆಯ ಪರದೆಗಳನ್ನು ತುಂಬಿಕೊಂಡು ಕಾರು ಗೇಟು ದಾಟಿತು. ಬಾಗಿಗೆ ಇನ್ನೂ ಸ್ವಲ್ಪ ದೂರವಿರುವಾಗ ಎದುರಿನಿಂದ ಒಬ್ಬ ನಡೆದು ಬರುತ್ತಿದ್ದ. ಹೆಗಲ ಮೇಲೆ ದಪ್ಪ ಹಗ್ಗ, ಮೈಯೆಲ್ಲ ಬೆವರು. ಮೆಕ್ಯಾನಿಕ್. ಕಾರು ಮೇಲಿನಿಂದ ಬರುವುದನ್ನು ಕಂಡು ರಸ್ತೆಯ ನಡುವೆಯೇ ನಿಂತುಬಿಟ್ಟ.

"ನಿಮ್ಮ ಯಜಮಾನ್ರು ಓಡಿ ಬಂದು ಹೇಳಿದ್ರು, ಬಾಗಲ್ಲಿ ಸಿಕ್ಕಾಕ್ಕೊಂಡಿದ್ದಾರೆ ಅಂತ. ಒದ್ದೆ ರಸ್ತೆಗೆ ನನ್ನ ಸ್ಕೂಟರೂ ಹತ್ತಲಿಲ್ಲ. ನಡ್ಕೊಂಡು ಬಂದೆ. ನೀವು... ಮೇಲಿಂದ ಬರ್ತಿದ್ದೀರಾ?"

"ಕೆಲಸ ಮುಗೀತು. ಮನೆಗೆ ಹೋಗ್ತಿದ್ದೀವಿ."

"ಕೆಳಗೆ ಚಹಾದಂಗಡೀಲಿ ಏನೇನೋ ಅಂತಿದ್ರು ಅಕ್ಕ. ಹಿಂದು ಹಿಂದಾಗಿ ಹತ್ತಿಸಿದ್ರು ಅಂತ. ನಾನು ನಂಬಲಿಲ್ಲ." ಅವನು ಬಾನೆಟ್ ಮೇಲೆ ಕೈಯಿಟ್ಟು ಒಮ್ಮೆ ಸವರಿದ. "ಛೆ! ಇದು ನನಗೆ ಹೊಳೀಬೇಕಾಗಿತ್ತು."

"ಹೊಳೀತಿತ್ತು ಕಣಪ್ಪ," ಎಂದರು ಅತ್ತೆ ಉದಾರವಾಗಿ. "ನಿಂಗೆ ಇಂಥ ಅತ್ತೆ ಇದ್ದಿದ್ರೆ. ಹತ್ತು, ಹಿಂದೆ ಕೂತ್ಕೋ. ಅದು ಸುಭದ್ರವಾದ ಸೀಟು, ಇಷ್ಟು ದಿನ ನಾನೇ ಕೂರ್ತಿದ್ದೆ."

ಮೆಕ್ಯಾನಿಕ್ ಹಗ್ಗವನ್ನು ಮಡಿಲಲ್ಲಿ ಸುರುಳಿ ಮಾಡಿಟ್ಟುಕೊಂಡು, ಪರದೆಗಳ ನಡುವೆ ಇರುಕಿಕೊಂಡು ಕುಳಿತ. ಕಾರು ಹೊರಟಿತು. ಮರಗಳ ನೆರಳು ಬಂತು, ಒರತೆಯ ನೀರು ಹೊಳೆಯಿತು. ಟೈಲರಮ್ಮ ಬಾಗಿನಲ್ಲಿ ಸ್ಟಿಯರಿಂಗ್ ತಿರುಗಿಸುವಾಗ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿದಳು. ಅವನ ಬಲಗಾಲು ಅತ್ತೆಯ ಹಳೆಯ ಜಾಗದಲ್ಲೇ ಮ್ಯಾಟನ್ನು ಬಲವಾಗಿ ಒತ್ತಿ ಹಿಡಿದಿತ್ತು.